ಶುಕ್ರವಾರದ ಉಸುಕು

ವಾಸ್ಕೋ
12 ಜೂನ್ 1986

ಸುಬೇದಾರ ಹೀರಪ್ಪನವರಿಗೆ,

ಬರೆಯುವವನು ಗೂಡುಸಾಬ. ಯಾವ ಗೂಡುಸಾಬ ಎಂದು ಕೇಳಬೇಡ. ಒಂದೇ ಊರು, ಒಂದೇ ಶಾಲೆ, ಒಂದೇ ಚಾಪೆ. ನಾನು ನಾಲ್ಕನೆಯ ಇಯತ್ತೆಗೆ ಬಿಟ್ಟೆ, ನೀನು ಏಳು ಮುಗಿಸಿದೆ. ಮೂವತ್ತೆಂಟು ವರ್ಷದಿಂದ ನಮಗೆ ಮಾತಿಲ್ಲ. ಈಗಲೂ ಮಾತು ಬೇಕೆಂದು ಬರೆಯುತ್ತಿಲ್ಲ, ಕೆಲಸವಿದೆ ಎಂದು ಬರೆಯುತ್ತಿದ್ದೇನೆ.

ಹೋದ ಶುಕ್ರವಾರ ಮ್ಹಾಪಸಾದ ಸಂತೆಗೆ ಮೆಣಸಿನಕಾಯಿ ಕೊಳ್ಳಲು ಬಂದಿದ್ದೆ. ಶಾಲೆಯ ಬಯಲಿನಲ್ಲಿ ಖಾಕಿ ತೊಟ್ಟ ಹುಡುಗರನ್ನು ಸಾಲು ನಿಲ್ಲಿಸಿ ಒಬ್ಬ ಮುದುಕ ಒದರುತ್ತಿದ್ದ. ಧ್ವನಿ ಕೇಳಿದ ಕೂಡಲೇ ನೀನೆಂದು ತಿಳಿಯಿತು. ಬೇಲಿಯ ಆಚೆ ನಿಂತು ಅರ್ಧ ತಾಸು ನೋಡಿದೆ. ಮೀಸೆ ಬೆಳ್ಳಗಾಗಿದೆ, ಎದೆ ಮಾತ್ರ ಹಾಗೇ ಇದೆ. ಬಾಳೆಹಣ್ಣು ಮಾರುವ ಸೋನಿಬಾಯಿ ನನ್ನ ಪಕ್ಕದಲ್ಲಿ ಬುಟ್ಟಿ ಇಳಿಸಿಕೊಂಡು ಹೇಳಿದಳು, “ಸುಬೇದಾರ ಮಾಸ್ತರ್ರು ರೀ. ಹುಡುಗೂರನ್ನ ಆಫೀಸರ್ ಪರೀಕ್ಷಾಕ್ಕ ತಯಾರ್ ಮಾಡ್ತಾರ. ಹೋದ ವರ್ಷ ಒಬ್ಬಂವ ಪುಣೆಕ್ಕ ಹೋದ ನೋಡ್ರಿ.”

ನಲವತ್ತೆಂಟನೆಯ ಇಸವಿ ಮರೆತಿದ್ದರೆ ನೆನಪಿಸುತ್ತೇನೆ. ಬೆಳಗಾವಿಯಲ್ಲಿ ಸೈನ್ಯದ ಭರ್ತಿ. ಸಾಲಿನಲ್ಲಿ ನಾನು ಐದನೆಯವನು, ನೀನು ಆರನೆಯವನು. ಈ ಸಾಲಿನಿಂದ ಐವರು ಸಾಕು ಎಂದು ಹವಾಲ್ದಾರ ಹೇಳಿಯಾಗಿತ್ತು. ಡಾಕ್ಟರು ನನ್ನ ಎದೆ ಅಳೆದು, ಹಲ್ಲು ನೋಡಿ, ಮುಂದೆ ಹೋಗು ಎಂದು ಕೈ ಮಾಡಿದ್ದರು. ಆಗ ಹಿಂದಿನಿಂದ ನಿನ್ನ ಬಾಯಿ ತೆರೆಯಿತು. “ಸಾಹೇಬ್ರ, ಇವನ ಎಡಗೈ ಸಣ್ಣಂವಿದ್ದಾಗ ಮುರದಿತ್ರಿ. ಇನ್ನೂ ಪೂರಾ ತಿರಗೂದಿಲ್ರಿ.” ಡಾಕ್ಟರು ತಿರುಗಿಸಿ ನೋಡಿದರು. ನಾನು ಹೊರಗೆ, ನೀನು ಒಳಗೆ. ನೀನು ಹೇಳಿದ್ದು ಸುಳ್ಳಲ್ಲ, ಖರೇ. ಅದಕ್ಕೇ ನಿನ್ನನ್ನು ಬಿಟ್ಟಿಲ್ಲ. ಸುಳ್ಳಾಗಿದ್ದರೆ ನಾಲ್ಕು ಬಾರಿಸಿ ಅಂದೇ ಮರೆಯುತ್ತಿದ್ದೆ.

ಈಗ ಕೆಲಸದ ಮಾತು. ನನ್ನ ಮಗಳು ಸಕೀನಾ. ಅವಳ ಗಂಡ ಕುವೈತಿಗೆ ಹೋದವನು ಅಲ್ಲೇ ಮತ್ತೊಂದು ಮನೆ ಮಾಡಿಕೊಂಡ. ಅವಳ ಮಗ ಇಸ್ಮಾಯಿಲ ನನ್ನ ಹತ್ತಿರ ಬೆಳೆದಿದ್ದಾನೆ. ಹದಿಮೂರು ವರ್ಷ, ಎಂಟನೆಯ ಇಯತ್ತೆ, ಲೆಕ್ಕದಲ್ಲಿ ಚುರುಕು. ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಪುಣೆಯ ಹತ್ತಿರ ಖಡಕವಾಸಲಾದ ಸೈನ್ಯದ ಅಕಾಡೆಮಿಯ ಪರೀಕ್ಷೆಗೆ ಕೂರಬಹುದಂತೆ. ಕೈಯಲ್ಲಿ ಐದು ವರ್ಷ ಇದೆ. ನೀನು ಅವನನ್ನು ಸಿದ್ಧ ಮಾಡು.

ಏಕೆ ಎಂದು ಕೇಳುತ್ತೀಯ. ಅವನು ಲೆಫ್ಟಿನೆಂಟನಾಗಿ ಬಂದ ದಿನ ನೀನು, ಸುಬೇದಾರ, ಅವನೆದುರು ಕಾಲು ಕೂಡಿಸಿ ಸೆಲ್ಯೂಟ್ ಹೊಡೆಯಬೇಕು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಬೇಕು. ಅವನನ್ನು ನಿನ್ನ ಕೈಯಿಂದಲೇ ಆಫೀಸರ್ ಮಾಡಿಸಿ, ನಿನ್ನ ಕೈಯನ್ನೇ ನಿನ್ನ ಹಣೆಗೆ ಏರಿಸುತ್ತೇನೆ. ಆಗದು ಎಂದರೆ ಆಗದು ಎಂದು ಬರೆ. ಹೆದರಿದೆ ಎಂದು ತಿಳಿದುಕೊಳ್ಳುತ್ತೇನೆ.

ಗೂಡುಸಾಬ
ಹಮಾಲರ ಮುಕಾದಮ, ಮುರ್ಮುಗಾಂವ್ ಬಂದರು

•

ಮ್ಹಾಪಸಾ
21 ಜೂನ್ 1986

ಗೂಡುಸಾಬನಿಗೆ,

ಕಾಗದ ಮುಟ್ಟಿತು. ಬೈಗಳು ಬಿಟ್ಟು ಉಳಿದದ್ದಕ್ಕೆ ಉತ್ತರ ಬರೆಯುತ್ತೇನೆ.

ಹುಡುಗನನ್ನು ಶನಿವಾರ ಮಧ್ಯಾಹ್ನ ಕಳಿಸು, ಭಾನುವಾರ ಸಂಜೆ ವಾಪಸು ಕಳಿಸುತ್ತೇನೆ. ನಮ್ಮ ಮನೆಯಲ್ಲೇ ಮಲಗಲಿ. ನನ್ನ ಹೆಂಡತಿ ಮಹಾದೇವಕ್ಕ ಒಪ್ಪಿದ್ದಾಳೆ, ನಮಗೆ ಮಕ್ಕಳಿಲ್ಲವೆಂಬುದು ನಿನಗೆ ಗೊತ್ತಿರಬಹುದು. ದಿನಾ ಒಂದು ಪುಟ ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದಲಿ. ಲೆಕ್ಕ ಬಿಡದಿರಲಿ. ಶಾಲೆಯಲ್ಲಿ ಎನ್‌ಸಿಸಿಗೆ ಹೆಸರು ಕೊಡಲಿ. ಮೊದಲ ವರ್ಷ ಓಟ, ಈಜು, ಅಷ್ಟೇ.

ಒಂದು ಮಾತು ಗಟ್ಟಿಯಾಗಿ ನೆನಪಿಡು. ಹದಿನೆಂಟು ತುಂಬುವವರೆಗೆ ಅವನ ಬೆನ್ನ ಮೇಲೆ ಭಾರ ಹೊರಿಸಬೇಡ. ಬೆಳೆಯುವ ಎಲುಬು. ಸೈನ್ಯದ ಡಾಕ್ಟರುಗಳು ಮೊದಲು ನೋಡುವುದೇ ಬೆನ್ನು. ನೀನು ಬಂದರಿನವನಾದ್ದರಿಂದ ಬರೆಯುತ್ತಿದ್ದೇನೆ.

ಬೆಳಗಾವಿಯ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ.

ಹೀರಪ್ಪ

•

ವಾಸ್ಕೋ
24 ಆಗಸ್ಟ್ 1986

ಹೀರಪ್ಪನಿಗೆ,

ಹೋದ ತಿಂಗಳು ಪಣಜಿಯ ಸೇತುವೆ ಬಿದ್ದಾಗಿನಿಂದ ಹುಡುಗ ಫೆರಿಯಲ್ಲಿ ಹೊಳೆ ದಾಟಿ ಬರುತ್ತಿದ್ದಾನೆ. ಒಂದು ಶನಿವಾರವೂ ತಪ್ಪಿಸಿಲ್ಲ. ನಿನಗೆ ಇದು ತಿಳಿದಿರಲಿ.

ಅವನಿಗೆ ಹಾಸಿಗೆ ಮಡಚುವುದನ್ನು ಕಲಿಸಿದ್ದೀಯ, ಸಂತೋಷ. ಆದರೆ ಊಟಕ್ಕೆ ಕೂತರೆ ಬರೀ “ಮಾಸ್ತರ್ರು ಹಂಗಂದ್ರು, ಮಾಸ್ತರ್ರು ಹಿಂಗಂದ್ರು” ಎನ್ನುತ್ತಾನೆ. ತಾಟು ಸರಿಸಿ ಎದ್ದೆ. ಸಕೀನಾ ನಗುತ್ತಾಳೆ. “ಅಪ್ಪಾ, ನೀವ ಕಳಿಸಿದ್ರಿ. ಈಗ ನೀವ ಹೊಟ್ಟಿ ಉರಕೋತೀರಿ.” ನನ್ನ ಹೊಟ್ಟೆ ಉರಿಯುತ್ತಿಲ್ಲ. ನಿನ್ನ ಹೆಸರು ನನ್ನ ಮನೆಯಲ್ಲಿ ಅಷ್ಟು ಸಲ ಕೇಳಬಾರದು, ಅಷ್ಟೇ.

ಭಾರ ಹೊರಿಸಬೇಡ ಎಂದು ಬರೆದೆಯಲ್ಲ, ಅದನ್ನು ನಮ್ಮ ಗ್ಯಾಂಗಿನ ಬಾಬುಸಾಬನಿಗೆ ಹೇಳಿದೆ. ಅವನು ಬೀಡಿ ಬಾಯಿಂದ ತೆಗೆದು ನಕ್ಕ. “ಅಲ್ಲೋ ಮುಕಾದಮ, ಫೌಜಿನಾಗ ಬಂದೂಕು, ಗಂಟು ಹೊರಂಗಿಲ್ಲೇನು? ಅಂವ ನಿನ್ನ ಹುಡುಗನ್ನ ಪೊಳ್ಳ ಮಾಡಿ ಕಳಿಸ್ತಾನ. ಒಮ್ಮಿ ತಳ್ಳಿದಂವ ಮತ್ತೊಮ್ಮಿ ತಳ್ಳಂಗಿಲ್ಲೇನು?” ನೀನೇ ಯೋಚಿಸು, ನಿನ್ನ ಮಾತನ್ನು ನಂಬಲು ನನ್ನ ಹತ್ತಿರ ಯಾವ ಕಾರಣವಿದೆ.

ಗೂಡುಸಾಬ

•

ವಾಸ್ಕೋ
6 ಮೇ 1988

ಇಸ್ಮಾಯಿಲನಿಗೆ ಅಜ್ಜನ ಕಾಗದ,

ನಿನ್ನ ತಾಯಿ ಚೆನ್ನಾಗಿದ್ದಾಳೆ. ರಜೆ ಪೂರ್ತಿ ಮ್ಹಾಪಸಾದಲ್ಲಿ ಇರುತ್ತೇನೆ ಎಂದು ನೀನು ಕುಣಿಯುತ್ತ ಹೋದೆ. ಇರು. ಆದರೆ ಅಲ್ಲಿ ಇದ್ದೀಯ ಎಂದು ನಮ್ಮ ಕಸರತ್ತು ನಿಲ್ಲಬಾರದು.

ಮಾಸ್ತರನ ಮನೆಯ ಹಿಂದೆ ಯಾರೋ ಮನೆ ಕಟ್ಟಿಸುತ್ತಿದ್ದಾರೆ ಎಂದು ನೀನು ಹೇಳಿದ್ದೆ. ಅಲ್ಲಿ ಉಸುಕು ಇರುತ್ತದೆ. ಒಂದು ಗೋಣಿಚೀಲ ತುಂಬಿಕೋ. ಬೆಳಿಗ್ಗೆ ಅವನು ಹಾಲು ತರಲು ಹೋದಾಗ ಹೊತ್ತು ನಲವತ್ತು ಸುತ್ತು ಹಾಕು. ಚೀಲ ಕುತ್ತಿಗೆಯ ಮೇಲೆ ಕೂರಬಾರದು, ಎರಡೂ ಹೆಗಲ ನಡುವೆ ಕೂರಬೇಕು, ಸೊಂಟ ಸ್ವಲ್ಪ ಬಗ್ಗಿರಬೇಕು. ಹಡಗಿಗೆ ಹಾಕಿದ ಹಲಗೆಯ ಮೇಲೆ ನಾನು ನಿನಗೆ ತೋರಿಸಿದ ಹಾಗೆ. ಜುಮ್ಮಾದ ದಿನ ಒಂದು ಬೊಗಸೆ ಉಸುಕು ಹೆಚ್ಚು ಹಾಕುವುದನ್ನು ತಪ್ಪಿಸಬೇಡ. ನಮ್ಮ ಗ್ಯಾಂಗಿನ ಪ್ರತಿಯೊಬ್ಬನೂ ಹದಿಮೂರಕ್ಕೆ ಅರ್ಧ ಚೀಲದಿಂದ ಶುರು ಮಾಡಿ, ಶುಕ್ರವಾರಕ್ಕೊಂದು ಬೊಗಸೆ ಏರಿಸುತ್ತ ಗಂಡಸಾದವನು. ನಾನು ಹದಿನೆಂಟಕ್ಕೆ ಎರಡು ಚೀಲ ಸಿಮೆಂಟು ಒಮ್ಮೆಗೇ ಒಯ್ಯುತ್ತಿದ್ದೆ.

ಸೊಂಟ ಹಿಡಿಯುತ್ತದೆ ಎಂದು ಹೋದ ಸಲ ನೀನು ಹೇಳಿದೆ. ಹಿಡಿಯಲಿ. ನಿನ್ನ ತಾಯಿಯ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳುವಾಗ ಮುಖ ಕಿವುಚಬೇಡ. ಬೇರೆ ಹುಡುಗರು ಗಂಟು ಹೊತ್ತು ಹತ್ತು ಮೈಲಿಗೆ ಬೀಳುತ್ತಾರೆ, ನೀನು ಇಪ್ಪತ್ತಕ್ಕೂ ನಿಂತಿರುತ್ತೀಯ. ಆ ದಿನ ನನ್ನ ಹೆಸರು ಹೇಳುತ್ತೀಯ.

ಮಾಸ್ತರನಿಗೆ ಚೀಲದ ಮಾತು ಎತ್ತಬೇಡ. ಕೇಳಿದರೆ ಇಲ್ಲ ಎನ್ನು. ಅವನು ಕಲಿಸುವುದನ್ನು ಕಲಿ, ಅವನನ್ನು ನಂಬಬೇಡ. ಈ ಕಾಗದ ಹರಿದುಹಾಕು.

ನಿನ್ನ ಅಜ್ಜ

•

ಮ್ಹಾಪಸಾ
15 ನವೆಂಬರ್ 1989

ಗೂಡುಸಾಬನಿಗೆ,

ಹುಡುಗನಿಗೆ ಹನ್ನೊಂದನೆಯದರಲ್ಲಿ ಲೆಕ್ಕ ಕಠಿಣವಾಗಿಲ್ಲ. ಇಂಗ್ಲಿಷಿನಲ್ಲಿ ನಿಂತು ಐದು ನಿಮಿಷ ಮಾತಾಡುತ್ತಾನೆ, ನಡುವೆ ಎಲ್ಲೂ ನೆಲ ನೋಡುವುದಿಲ್ಲ. ಎನ್‌ಸಿಸಿ ಶಿಬಿರದಲ್ಲಿ ಮೂವತ್ತು ಹುಡುಗರನ್ನು ಅವನ ಕೈಗೆ ಕೊಟ್ಟಿದ್ದರು. ಮಳೆಯಲ್ಲಿ ಗುಡಾರ ಬಿದ್ದಾಗ ತಾನು ಕೊನೆಗೆ ಮಲಗಿದ. ಇದನ್ನು ಕಲಿಸಲು ಬರುವುದಿಲ್ಲ, ಅವನಲ್ಲೇ ಇದೆ.

ಒಂದು ವಿಷಯ ನನಗೆ ಸರಿ ಕಾಣುತ್ತಿಲ್ಲ. ಓಡಿ ಬಂದ ಮೇಲೆ ಬಗ್ಗಿ ಬೂಟಿನ ಲಾಡಿ ಬಿಚ್ಚುವುದಿಲ್ಲ, ಕಾಲನ್ನು ಕಟ್ಟೆಯ ಮೇಲಿಟ್ಟು ಬಿಚ್ಚುತ್ತಾನೆ. ಬೆಳಿಗ್ಗೆ ಏಳುವಾಗ ಪಕ್ಕಕ್ಕೆ ಹೊರಳಿ ಏಳುತ್ತಾನೆ. “ಏನಾಗೇತೊ?” ಎಂದರೆ “ಏನಿಲ್ರಿ ಮಾಸ್ತರ್ರ” ಎನ್ನುತ್ತಾನೆ. ನೀನು ಏನಾದರೂ ಹೊರಿಸುತ್ತಿದ್ದೀಯಾ? ಹೌದಾದರೆ ಇಂದೇ ನಿಲ್ಲಿಸು. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೇ ತೀರಿಸಿಕೋ. ಬೇಕಾದರೆ ವಾಸ್ಕೋಕ್ಕೆ ಬಂದು ನಿನ್ನ ಗ್ಯಾಂಗಿನ ಎದುರು ನಿಲ್ಲುತ್ತೇನೆ.

ಹೀರಪ್ಪ

•

ವಾಸ್ಕೋ
22 ನವೆಂಬರ್ 1989

ಹೀರಪ್ಪನಿಗೆ,

ನಾನು ಏನೂ ಹೊರಿಸುತ್ತಿಲ್ಲ. ನನ್ನ ಮನೆಯ ವಿಚಾರ ನಿನಗೆ ಬೇಡ. ನೀನು ಬರುವುದೂ ಬೇಡ. ನೀನು ನಿಲ್ಲಬೇಕಾದ ದಿನ ನಾನೇ ಹೇಳಿ ಕಳಿಸುತ್ತೇನೆ.

ಗೂಡುಸಾಬ

•

ವಾಸ್ಕೋ
9 ಮಾರ್ಚ್ 1991

ಸುಬೇದಾರ ಸಾಹೇಬರಿಗೆ,

ನಿನಗೆ ಗೊತ್ತಾಗಿರುತ್ತದೆ. ಆದರೂ ನನ್ನ ಕೈಯಾರೆ ಬರೆಯುವ ಸುಖ ಬಿಡಲಾರೆ. ಬರೆಯುವ ಪರೀಕ್ಷೆಯಲ್ಲಿ ಇಸ್ಮಾಯಿಲ ಪಾಸು. ಪೇಪರಿನಲ್ಲಿ ನಂಬರು ಬಂದಿದೆ. ಬಾಬುಸಾಬ ಆ ಪೇಪರನ್ನು ಹರಿಯುವವರೆಗೆ ಬಂದರಿನ ತುಂಬ ತೋರಿಸಿ ತಂದ. ನಿನ್ನೆಯವರೆಗೆ ಹುಡುಗನನ್ನು “ಏ ಕಪ್ತಾನ, ಚಾ ತರ್ತೀಯೇನ?” ಎಂದು ಕಾಡುತ್ತಿದ್ದವರು ಇಂದು ಎದ್ದು ಜಾಗ ಕೊಟ್ಟರು. ಸಕೀನಾ ಶಿರಾ ಮಾಡಿ ಇಡೀ ಓಣಿಗೆ ಹಂಚಿದಳು.

ಜೂನಿನಲ್ಲಿ ಭೋಪಾಳದಲ್ಲಿ ಐದು ದಿನದ ಸಂದರ್ಶನ, ಅದರ ಬೆನ್ನಿಗೇ ಡಾಕ್ಟರ ತಪಾಸಣೆ. ಆಮೇಲೆ ಮೂರು ವರ್ಷ ಖಡಕವಾಸಲಾದಲ್ಲಿ, ಒಂದು ವರ್ಷ ಡೆಹರಾಡೂನಿನಲ್ಲಿ. ನಾನು ಎಲ್ಲ ಯೋಚಿಸಿ ಇಟ್ಟಿದ್ದೇನೆ. ಶುಕ್ರವಾರವೇ ಬರುತ್ತೇವೆ, ಸಂತೆ ತುಂಬಿದ ಹೊತ್ತಿಗೆ. ನೀನು ಪೂರಾ ಮೆಡಲು ಹಾಕಿಕೊಂಡು ಶಾಲೆಯ ಗೇಟಿನಲ್ಲಿ ನಿಲ್ಲಬೇಕು. ಸೋನಿಬಾಯಿ ನೋಡಬೇಕು, ಮೀನಿನವರು ನೋಡಬೇಕು, ನಿನ್ನ ಖಾಕಿ ಹುಡುಗರು ನೋಡಬೇಕು. ಅವನು ವಾಪಸು ಸೆಲ್ಯೂಟ್ ಕೊಡುವವರೆಗೆ ನೀನು ಕೈ ಇಳಿಸುವಂತಿಲ್ಲವಂತೆ, ಹುಡುಗನೇ ಹೇಳಿದ. “ತಡಾ ಮಾಡಿ ಕೊಡೋ” ಎಂದೆ. ಅವನು ನಗಲಿಲ್ಲ. “ಅಜ್ಜಾ, ಅವರಿಗೆ ನಾ ಮೊದಲ ಕಾಲ ಮುಟ್ತೇನಿ” ಎಂದ. ಕಪಾಳಕ್ಕೆ ಬಾರಿಸಲು ಕೈ ಎತ್ತಿದೆ, ಸಂತೋಷದ ದಿನ ಎಂದು ಬಿಟ್ಟೆ.

ನಾನು ಅರವತ್ತಾದವನು. ನಾಲ್ಕು ವರ್ಷ ಬದುಕಿರುತ್ತೇನೆ. ನೀನೂ ಸಾಯಬೇಡ.

ಗೂಡುಸಾಬ

•

ವಾಸ್ಕೋ
14 ಜುಲೈ 1991

ಹೀರಪ್ಪ,

ಸಂದರ್ಶನದಲ್ಲಿ ಗೆದ್ದ. ಎಪ್ಪತ್ತು ಹುಡುಗರಲ್ಲಿ ಆರು ಜನ ಉಳಿದರು, ಅವರಲ್ಲಿ ಇವನೊಬ್ಬ. ಆಮೇಲೆ ಮಿಲಿಟರಿ ಆಸ್ಪತ್ರೆಯಲ್ಲಿ ಬೆನ್ನಿನ ಎಕ್ಸರೇ ತೆಗೆದು ಅವನನ್ನು ಹೊರಗೆ ಹಾಕಿದರು. ಬೆನ್ನುಮೂಳೆಯ ಕೆಳಗಿನ ಮಣಿಯಲ್ಲಿ ಬಿರುಕು ಇದೆಯಂತೆ. ಹಳೆಯದಂತೆ. ಮೇಲಿನವರಿಗೆ ಅರ್ಜಿ ಕೊಟ್ಟ, ಅವರೂ ಅದನ್ನೇ ಬರೆದರು. ಯಾವತ್ತಿಗೂ ಆಗದು ಎಂದು.

ಹುಡುಗ ಗೋಡೆಗೆ ಮುಖ ಮಾಡಿ ಮಲಗಿ ಒಂಬತ್ತು ದಿನವಾಯಿತು.

ಎಲ್ಲಿಂದ ಬಂತು ಆ ಬಿರುಕು? ಹಗ್ಗ ಹತ್ತಿಸಿದವನು ನೀನು. ಗೋಡೆಯ ಮೇಲಿನಿಂದ ಜಿಗಿಸಿದವನು ನೀನು. ಐದು ವರ್ಷ ಶನಿವಾರ ಭಾನುವಾರ ಅವನ ಮೈ ನಿನ್ನ ಕೈಯಲ್ಲಿತ್ತು. ಒಂದೇ ಮನೆಯ ಇಬ್ಬರನ್ನು ಡಾಕ್ಟರ ಎದುರು ಕೆಡವಿದೆ. ಇನ್ನೇನು ಬೇಕು ನಿನಗೆ?

ಗೂಡುಸಾಬ

•

ಮ್ಹಾಪಸಾ
25 ಜುಲೈ 1991

ಗೂಡ್ಯಾ,

ಇಸ್ಮಾಯಿಲ ನಿನ್ನೆ ಇಲ್ಲಿಗೆ ಬಂದಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ಎಕ್ಸರೇ ಹಿಡಿದು ಅಂಗಳದಲ್ಲೇ ನಿಂತು ಕೇಳಿದ, “ಮಾಸ್ತರ್ರ, ಎಂಟನೇತ್ತಾದಿಂದ ಅಜ್ಜ ನನ್ನ ಕಡಿಂದ ಉಸುಕಿನ ಚೀಲ ಹೊರಿಸ್ಯಾನ. ನಿಮಗ ಇಲ್ಲ ಅಂತ ಸುಳ್ಳ ಹೇಳೇನಿ. ಇದು ಅದರಿಂದ ಆತೇನ್ರಿ?”

ಅದರಿಂದ ಅಲ್ಲ ಎಂದೆ. ಚೀಲದಿಂದ ಹೀಗಾಗುವುದಿಲ್ಲ, ನಿನ್ನ ವಯಸ್ಸಿಗೆ ಮೀರಿ ನಾನೇ ಗೋಡೆಯಿಂದ ಜಿಗಿಸಿದೆ, ತಪ್ಪು ನನ್ನದು ಎಂದೆ. ನಾನು ಹೇಳಿದ್ದನ್ನೆಲ್ಲ ನಂಬುವ ಹುಡುಗ, ಇದನ್ನೂ ನಂಬಿದ. ಬೂಟು ಬಿಚ್ಚಿ ನನ್ನ ಹೊಸ್ತಿಲ ಮೇಲೆ ಇಟ್ಟು ಬರಿಗಾಲಲ್ಲಿ ಹೋದ. ಮಹಾದೇವಕ್ಕ ಕೂಗಿದಳು, ತಿರುಗಲಿಲ್ಲ.

ಅವನು ನನ್ನನ್ನು ಬಿಟ್ಟು ಬದುಕಬಲ್ಲ. ನಿನ್ನನ್ನು ಬಿಟ್ಟು ಎಲ್ಲಿಗೆ ಹೋದಾನು? ನೀನು ಬಾಯಿ ಮುಚ್ಚಿಕೊಂಡು ಇರು. ಜೀವಮಾನದಲ್ಲಿ ನನ್ನ ಇದೊಂದು ಮಾತು ಕೇಳು.

ಹೀರ್ಯಾ

•

ವಾಸ್ಕೋ
2 ಫೆಬ್ರುವರಿ 1992

ಹೀರಪ್ಪನಿಗೆ,

ಆರು ತಿಂಗಳು ಬಾಯಿ ಮುಚ್ಚಿಕೊಂಡು ಇದ್ದೆ. ಹೇಗಿತ್ತು ಎಂದು ಕೇಳು.

ಮೊದಮೊದಲು ಚೆನ್ನಾಗಿಯೇ ಇತ್ತು. ಹುಡುಗ ಮೆಲ್ಲಗೆ ಹಾಸಿಗೆ ಬಿಟ್ಟ. ಬಂದರಿನ ಕಚೇರಿಯಲ್ಲಿ ಬರೆಯುವ ಕೆಲಸ ಹಿಡಿದ. ನಿನ್ನ ಹೆಸರು ಬಂದರೆ ಉಗುಳುತ್ತಿದ್ದ. “ಆ ಮುದುಕ ಸತ್ರ ನನಗ ಹೇಳಬ್ಯಾಡ್ರಿ” ಎಂದ ದಿನ ನಾನು ಎರಡು ಚಹಾ ಕುಡಿದೆ. ನಲವತ್ಮೂರು ವರ್ಷ ನಾನು ಒಬ್ಬನೇ ನಿನ್ನನ್ನು ಬೈದಿದ್ದೆ, ಈಗ ಜೊತೆ ಸಿಕ್ಕಿತ್ತು. ನೀನು ಅವನ ಬಾಳು ಕೆಡಿಸಿದೆ ಎಂದು ಬಾಬುಸಾಬ ಗ್ಯಾಂಗಿಗೆಲ್ಲ ಹೇಳಿದ. ನಾನು ಬೇಡ ಎನ್ನಲಿಲ್ಲ.

ದೀಪಾವಳಿಯ ಸುಮಾರಿಗೆ ಆ ಎಕ್ಸರೇ ಹಿಡಿದುಕೊಂಡು ಇಲ್ಲಿನ ಎಲುಬಿನ ಡಾಕ್ಟರ ಹತ್ತಿರ ಹೋದೆ, ಹುಡುಗನಿಗೆ ಹೇಳದೆ. ಜಿಗಿದರೆ ಹೀಗಾಗುತ್ತದೇನು ಎಂದು ಕೇಳಿದೆ. ಆಗಬಹುದು ಎಂದಿದ್ದರೆ ಎದ್ದು ಬರುತ್ತಿದ್ದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದರು. ಆಮೇಲೆ ನನ್ನ ಹೆಗಲ ನಡುವಿನ ಗಂಟನ್ನು ನೋಡಿದರು. ನೀವು ಹಮಾಲರೇನು ಎಂದು ಕೇಳಿದರು. ಹೌದೆಂದೆ. ಮತ್ತೆ ಏನೂ ಕೇಳದೆ ಚಿತ್ರವನ್ನು ಲಕೋಟೆಗೆ ಹಾಕಿ ಕೊಟ್ಟರು.

ಅದಕ್ಕಾಗಿ ನಾನು ಬಾಯಿ ಬಿಟ್ಟೆ ಎಂದು ತಿಳಿಯಬೇಡ. ಆಮೇಲೂ ಮೂರು ತಿಂಗಳು ಸುಮ್ಮನೇ ಇದ್ದೆ. ಬಾಯಿ ಬಿಟ್ಟದ್ದು ನಿನ್ನ ಸಲುವಾಗಿ. ಅವನು ನಿನ್ನನ್ನು ಬೈದಾಗಲೆಲ್ಲ ನೀನು ನನ್ನ ಕಣ್ಣ ಮುಂದೆ ಒಂದು ಗೇಣು ಎತ್ತರವಾಗುತ್ತಿದ್ದೆ. ಅದು ಇಡೀ ವಾಸ್ಕೋದಲ್ಲಿ ನನಗೊಬ್ಬನಿಗೇ ಕಾಣುತ್ತಿತ್ತು. ಅಂದು ಖರೇ ಹೇಳಿ ನನ್ನನ್ನು ಸಾಲಿನಿಂದ ತಳ್ಳಿದೆ. ಈಗ ಸುಳ್ಳು ಹೇಳಿ ನನ್ನನ್ನು ನಿನ್ನ ಉಪಕಾರದಲ್ಲಿ ಕೂರಿಸಿದೆ. ಇದನ್ನು ಹೊತ್ತು ಸಾಯಲು ನಾನು ಸಿದ್ಧನಿಲ್ಲ. ನೀನು ದೊಡ್ಡವನಾಗಲು ನಾನು ಬಿಡುವುದಿಲ್ಲ.

ನಿನ್ನೆ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಹೇಳಿದೆ. ನಿನ್ನ ಎರಡು ಕಾಗದ, ಎಂಬತ್ತಾರರದ್ದು, ಎಂಬತ್ತೊಂಬತ್ತರದ್ದು, ಅವನ ಮುಂದೆ ಇಟ್ಟೆ. ಅವನು ನಿಂತೇ ಓದಿದ.

“ಅಜ್ಜಾ, ಭಾರ ಹೊರಿಸಬ್ಯಾಡ ಅಂತ ಮೊದಲ ಬರದಿದ್ರು.”

“ಬರದಿದ್ದ.”

“ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ಯಾಕ ಹೊರಿಸಿದಿ?”

“ಅಂವ ಬ್ಯಾಡ ಅಂದಿದ್ದಕ್ಕ.”

ಬೇರೆ ಏನು ಹೇಳಲಿ? ಅದೇ ಖರೇ. ಅವನು ಕೂಗಾಡುತ್ತಾನೆ, ಕೈ ಎತ್ತುತ್ತಾನೆ ಎಂದುಕೊಂಡಿದ್ದೆ. ಎತ್ತಿದ್ದರೆ ತಿನ್ನಲು ಕೂತಿದ್ದೆ. ಏನೂ ಮಾಡಲಿಲ್ಲ. ಕಾಗದಗಳನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ತಾಟಿನಲ್ಲಿದ್ದ ರೊಟ್ಟಿ ಹಾಗೇ ಒಣಗಿತು. ಇಂದು ಬೆಳಿಗ್ಗೆ ಎರಡು ಜೊತೆ ಬಟ್ಟೆ ಕೈಚೀಲಕ್ಕೆ ಹಾಕಿಕೊಂಡ. ಸಕೀನಾ ಅವನ ಕೈ ಹಿಡಿದಳು, ಬಿಡಿಸಿಕೊಂಡ. ಅವಳು ನನ್ನ ಕಡೆ ತಿರುಗಿ, “ಈಗ ಆತೇನ್ರಿ ಅಪ್ಪಾ, ನಿಮಗ ಬೇಕಾದ್ದು?” ಎಂದಳು.

ಅವನು ಮ್ಹಾಪಸಾದ ಬಸ್ಸು ಹತ್ತಿದ್ದನ್ನು ಬಾಬುಸಾಬ ನೋಡಿದ್ದಾನೆ. ಟಪಾಲು ತಡವಾಗುತ್ತದೆ ಎಂದು ಈ ಕಾಗದವನ್ನು ಬಾಬುಸಾಬನ ಕೈಯಲ್ಲೇ ಮುಂದಿನ ಬಸ್ಸಿಗೆ ಕಳಿಸುತ್ತಿದ್ದೇನೆ. ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ, ಈ ಕಾಗದವನ್ನು ಸಂಧಾನ ಎಂದು ಓದಬೇಡ.

ಹುಡುಗ ನಿನ್ನೆಯಿಂದ ಏನೂ ತಿಂದಿಲ್ಲ. ಬಾಗಿಲಲ್ಲಿ ನಿಲ್ಲುತ್ತಾನೆ, ತಾನಾಗಿ ಮಾತಾಡುವುದಿಲ್ಲ, ಕೇಳುವುದೂ ಇಲ್ಲ. ನೀವಾಗಿಯೇ ಕರೆಯಬೇಕು. ಮಹಾದೇವಕ್ಕನಿಗೆ ಹೇಳು, ಮೊದಲು ಉಣ್ಣಿಸಲಿ, ಮಾತು ಆಮೇಲೆ. ನೆಲದ ಮೇಲೆ ಬಹಳ ಹೊತ್ತು ಕೂರಲಾರ. ಬೆನ್ನಿಗೆ ಒಂದು ದಿಂಬು ಕೊಡಿ.

ಗೂಡುಸಾಬ